ಕಾರಿನ ಪಾಲಿಶ್ ಮಷೀನ್: ಮೂರು ಸಾವಿರದ್ದು ಸಾಕೋ, ನಲವತ್ತು ಸಾವಿರದ್ದು ಬೇಕೋ?

ವಿಜಯಪುರದ ಸೋಲಾಪುರ ರಸ್ತೆಯ ಬದಿಗೆ ನಮ್ಮದೊಂದು ಶೆಡ್ ಇದೆ. ಕಾರು ತೊಳೆಯುವುದು, ಪಾಲಿಶ್ ಹೊಡೆಯುವುದು ನಮ್ಮ ಕೆಲಸ. ಸ್ವಂತ ಅಂಗಡಿ ಇಡಬೇಕೆಂದು ಹೊರಟ ಹುಡುಗರು ಆಗಾಗ ಬಂದು ಕೇಳುತ್ತಾರೆ: "ಅಣ್ಣಾ, ಮೂರು ಸಾವಿರಕ್ಕ ಒಂದು ಮಷೀನ್ ಐತಿ, ನಲವತ್ತು ಸಾವಿರಕ್ಕ ಇನ್ನೊಂದು ಐತಿ. ತಿರುಗೂದು ಎರಡೂ ತಿರುಗತಾವು. ಅಷ್ಟು ರೊಕ್ಕ ಯಾಕ ಕೊಡಬೇಕು?"

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬೆಲೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕಾರಿನ ಬಣ್ಣ, ಆಮೇಲೆ ಮಷೀನಿನ ಚಲನೆ, ಆಮೇಲೆ ತಿಂಗಳಿಗೆ ಎಷ್ಟು ಗಂಟೆ ಓಡಿಸುತ್ತೀರಿ ಎಂಬ ಲೆಕ್ಕ. ಈ ಮೂರೂ ಗೊತ್ತಾದ ಮೇಲೆ ಬೆಲೆಯ ಪ್ರಶ್ನೆ ತಾನಾಗಿಯೇ ಸಣ್ಣದಾಗುತ್ತದೆ. ನಾನು ಅದೇ ಸಾಲಿನಲ್ಲಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಬಣ್ಣದ ಮೇಲೆ ಎಷ್ಟು ಉಳಿದಿದೆ ನೋಡಿ

ಈಗಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಕಂಪನಿಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ (ಒಂದು ಮಿ.ಮೀ.ಯ ಸಾವಿರದಲ್ಲೊಂದು ಭಾಗವೇ ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ನಾವು ಉಜ್ಜುವ ಪದರ ಕೂದಲಿಗಿಂತ ತೆಳ್ಳಗಿದೆ.

ಪಾಲಿಶ್ ಎಂದರೆ ಹೊಳಪನ್ನು ಮೇಲಿಂದ ಬಳಿಯುವುದಲ್ಲ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಆಳದವರೆಗೆ ಸವೆಸುವುದು. ಕಾಂಪೌಂಡ್, ಅಂದರೆ ಒರಟು ಪಾಲಿಶ್ ಪೇಸ್ಟ್, ಜೋರಾಗಿ ಹೊಡೆದರೆ ಒಂದೇ ಸಲಕ್ಕೆ ಕೆಲವು ಮೈಕ್ರಾನ್ ಹೋಗುತ್ತವೆ, ಮತ್ತೆ ಬರುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ಶಕ್ತಿಯೂ ಈ ಪದರದಲ್ಲೇ ಇರುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಇದನ್ನು ವಿನಾಕಾರಣ ತೆಗೆದರೆ ನಾಲ್ಕೈದು ವರ್ಷದಲ್ಲಿ ಛಾವಣಿ ಮತ್ತು ಬಾನೆಟ್ ಬಿಳಚಿ, ಸಿಪ್ಪೆ ಏಳುವ ಸಂಭವ ಹೆಚ್ಚು.

ಊರೂರಿಗೆ ಬಣ್ಣದ ಕಾಯಿಲೆಯೂ ಬೇರೆ. ವಿಜಯಪುರ, ಬಾಗಲಕೋಟೆಯ ಕಡೆ ಬೋರ್‌ವೆಲ್ ನೀರು ಗಡಸು. ಕಾರು ತೊಳೆದು ಬಿಸಿಲಲ್ಲೇ ಬಿಟ್ಟರೆ ಹನಿ ಆರಿದಲ್ಲೆಲ್ಲ ಸುಣ್ಣದ ಉಂಗುರ ಉಳಿಯುತ್ತದೆ. ಮುಧೋಳ, ಜಮಖಂಡಿಯ ಕಡೆಯಿಂದ ಬರುವ ಗಾಡಿಗಳ ಎಡಪಕ್ಕ ನೋಡಿ: ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ದಾಟುವಾಗ ರವದಿ (ಕಬ್ಬಿನ ಒಣ ಎಲೆ) ಉಜ್ಜಿದ ಉದ್ದುದ್ದ ಗೀರು ಇದ್ದೇ ಇರುತ್ತದೆ. ಬೆಳಗಾವಿಯ ಉದ್ಯಮಬಾಗ್ ಸುತ್ತ ಫೌಂಡ್ರಿಗಳು ಜಾಸ್ತಿ. ಅಲ್ಲಿ ದಿನವೂ ನಿಲ್ಲುವ ಬಿಳಿ ಕಾರುಗಳ ಮೇಲೆ ಸಣ್ಣ ಕಂದು ಚುಕ್ಕೆಗಳಿರುತ್ತವೆ. ಅವು ಬಣ್ಣಕ್ಕೆ ಅಂಟಿ ತುಕ್ಕು ಹಿಡಿದ ಕಬ್ಬಿಣದ ಕಣಗಳು. ಇನ್ನು ಎಲ್ಲ ಕಡೆಯೂ ಇರುವ ರೂಢಿ ಒಂದು, ಬೆಳಿಗ್ಗೆ ಎದ್ದು ಒಣ ಅರಿವೆಯಿಂದ ಧೂಳು ಒರೆಸುವುದು. ಎರೆಮಣ್ಣಿನ ಧೂಳನ್ನು ಒಣಗಿದ್ದಾಗಲೇ ಒರೆಸಿದರೆ ಮರಳು ಕಾಗದದಿಂದ ತಿಕ್ಕಿದ ಹಾಗೆ. ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಸ್ವರ್ಲ್ ಗೀರುಗಳು ಬಹುಪಾಲು ಹೀಗೇ ಹುಟ್ಟುತ್ತವೆ.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಇವುಗಳಲ್ಲಿ ಎರಡು ಕಾಯಿಲೆಗೆ ಮಷೀನೇ ಮೊದಲ ಮದ್ದಲ್ಲ. ಕಬ್ಬಿಣದ ಕಣಕ್ಕೆ ಐರನ್ ರಿಮೂವರ್ ಹೊಡೆಯಬೇಕು. ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿದರೆ ಕಣ ಕರಗುತ್ತಿದೆ ಎಂದರ್ಥ. ಹೊಸ ಸುಣ್ಣದ ಕಲೆಗೆ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ಒರೆಸಿ, ಕೂಡಲೇ ತೊಳೆದರೆ ಎಷ್ಟೋ ಹೋಗುತ್ತದೆ. ಈ ಎರಡನ್ನೂ ಮಾಡಿದ ಮೇಲೂ ಉಳಿದದ್ದಕ್ಕೆ ಮಾತ್ರ ಮಷೀನ್. ಹೀಗೆ ಸೋಸಿ ನೋಡಿದರೆ ಮನೆಯ ಒಂದು ಕಾರಿಗೆ ಎಷ್ಟು ಬಲದ ಮಷೀನ್ ಬೇಕು ಎಂಬ ಅಂದಾಜು ತಾನಾಗಿಯೇ ಕೆಳಗಿಳಿಯುತ್ತದೆ.

ಎರಡನೇ ಹೆಜ್ಜೆ: ಚಲನೆ ಆರಿಸಿ, ಬ್ರಾಂಡ್ ಆಮೇಲೆ

ಪಾಲಿಶ್ ಮಷೀನ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಜಾತಿ ತಪ್ಪಾದರೆ ಎಷ್ಟು ದುಬಾರಿ ಮಷೀನ್ ತಂದರೂ ಉಪಯೋಗವಿಲ್ಲ.

ಒಂದು ರೋಟರಿ. ಬೀಸುವ ಕಲ್ಲಿನಂತೆ ಒಂದೇ ಗೂಟದ ಸುತ್ತ ತಿರುಗುತ್ತದೆ. ಗ್ಯಾರೇಜ್‌ಗಳಲ್ಲಿ, ಪೇಂಟಿಂಗ್ ಶೆಡ್‌ಗಳಲ್ಲಿ ನೀವು ನೋಡುವುದು ಹೆಚ್ಚಾಗಿ ಇದೇ. ನಿಮಿಷಕ್ಕೆ 600ರಿಂದ 3,000 ಸುತ್ತು. 180 ಮಿ.ಮೀ. ಪ್ಯಾಡ್ (ಬಣ್ಣ ಉಜ್ಜುವ ದುಂಡು ಮೆತ್ತೆ) 2,000 ಸುತ್ತಿನಲ್ಲಿದ್ದಾಗ ಅದರ ಅಂಚು ಗಂಟೆಗೆ ಸುಮಾರು 68 ಕಿ.ಮೀ. ವೇಗದಲ್ಲಿ ಬಣ್ಣವನ್ನು ಉಜ್ಜುತ್ತಿರುತ್ತದೆ. ನಡುಭಾಗದ ವೇಗ ಹೆಚ್ಚುಕಡಿಮೆ ಸೊನ್ನೆ. ಅದಕ್ಕೇ ಇದು ಆಳವಾದ ಗೀರನ್ನು ಬೇಗ ತೆಗೆಯುತ್ತದೆ, ಅದಕ್ಕೇ ಬೇಗ ಸುಡುತ್ತದೆ ಕೂಡ. ಕೈ ಸ್ವಲ್ಪ ಓರೆಯಾಗಿ ಪ್ಯಾಡಿನ ಅಂಚು ಊರಿದರೂ ಬಾಲದಂಥ ಗುರುತುಗಳು ಉಳಿಯುತ್ತವೆ. ಹೊಲೋಗ್ರಾಂ ಅನ್ನುವುದು ಇವಕ್ಕೇ.

ನಾನು ಕೊಂಡ ಮೊದಲ ಮಷೀನ್ ಅಗ್ಗದ ರೋಟರಿ. ನಮ್ಮ ಕಾಕಾನ ಕಪ್ಪು ಕಾರಿಗೆ ಸಂಜೆ ಹೊತ್ತು ಟ್ಯೂಬ್‌ಲೈಟ್ ಕೆಳಗೆ ಉಣ್ಣೆ ಪ್ಯಾಡ್ ಹಾಕಿ ಹೊಡೆದೆ. ರಾತ್ರಿ ನೋಡಿದರೆ ಕನ್ನಡಿ. ಮರುದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿದರು: "ತಮ್ಮಾ, ಬಿಸಿಲಾಗ ನಿಲ್ಲಿಸಿ ನೋಡಿದ್ರ ಎಣ್ಣಿ ಚೆಲ್ಲಿದಂಗ ಕಾಣತೈತಿ. ಬಾಗಿಲ ಏಣಿನ ಮ್ಯಾಲ ಬಣ್ಣಾನೂ ಹೋಗೇತಿ ನೋಡ." ಏಣು ಅಂದರೆ ಬಾಗಿಲಿನ ಉದ್ದಕ್ಕೂ ಇರುವ ಚೂಪು ಗೆರೆ. ಅಲ್ಲಿ ಕ್ಲಿಯರ್ ಕೋಟ್ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆ ಬಾಗಿಲನ್ನು ಪೂರ್ತಿ ಪೇಂಟ್ ಮಾಡಿಸಿಕೊಟ್ಟೆ. ಮಷೀನಿಗೆ ಕೊಟ್ಟದ್ದಕ್ಕಿಂತ ಅದಕ್ಕೆ ಕೊಟ್ಟದ್ದು ಹೆಚ್ಚಾಯಿತು. ಆದ್ದರಿಂದ ಹೊಸ ಕೈಗೆ ಮೊದಲ ಮಷೀನ್ ಎಂದು ರೋಟರಿಯನ್ನು ನಾನು ಹೇಳುವುದಿಲ್ಲ, ಅದು ಯಾವ ಬೆಲೆಯದಾದರೂ ಸರಿ.

ಎರಡನೆಯದು ಡ್ಯುಯಲ್ ಆಕ್ಷನ್, ಎಲ್ಲರೂ ಡಿಎ ಅನ್ನುತ್ತಾರೆ. ಅಂಗಳ ಸಾರಿಸುವಾಗ ಕೈ ಸಣ್ಣ ಸಣ್ಣ ಸುತ್ತು ಹಾಕುತ್ತ ಮುಂದೆ ಸರಿಯುತ್ತದಲ್ಲ, ಇದರ ಪ್ಯಾಡ್ ಹಾಗೆ. ನಡುವಿನ ಕೀಲಿನಿಂದ ಕೆಲವು ಮಿ.ಮೀ. ಆಚೀಚೆ ಸುತ್ತುತ್ತ, ಜೊತೆಗೆ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಆ ಸುತ್ತಿನ ಅಗಲವನ್ನು ಥ್ರೋ ಅನ್ನುತ್ತಾರೆ: 8, 12, 15, 21 ಮಿ.ಮೀ. ಹೀಗೆ ಸಿಗುತ್ತವೆ. ಪ್ಯಾಡ್ ಒಂದೇ ಜಾಗದಲ್ಲಿ ಒಂದೇ ದಿಕ್ಕಿಗೆ ಉಜ್ಜದ ಕಾರಣ ಬಿಸಿ ಹಂಚಿಹೋಗುತ್ತದೆ, ಹೊಲೋಗ್ರಾಂ ಬರುವುದು ಅಪರೂಪ. ಹೆಚ್ಚು ಒತ್ತಿದರೆ ಅಥವಾ ಬಾಗಿದ ಜಾಗದಲ್ಲಿ ಓರೆಯಾದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸಿ ಬರೀ ನಡುಗುತ್ತದೆ. ಕಲಿಯುವವನಿಗೆ ಇದು ಕೊರತೆಯಲ್ಲ, ರಕ್ಷಣೆ.

ಮೂರನೆಯದು ಗೇರ್ ಇರುವ ಡಿಎ. ಒತ್ತಿದರೂ ತಿರುಗುವುದು ನಿಲ್ಲುವುದಿಲ್ಲ. ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401 ಇದರಲ್ಲಿ ಹಳೆಯ ಹೆಸರು. 8 ಮಿ.ಮೀ. ಥ್ರೋ, ಪ್ಯಾಡ್ ನಿಮಿಷಕ್ಕೆ 160ರಿಂದ 480 ಸುತ್ತು. ಗಟ್ಟಿ ಬಣ್ಣಕ್ಕೆ ಒಳ್ಳೆಯದು, ಕೈ ಮಾತ್ರ ಗಟ್ಟಿಯಿರಬೇಕು.

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಕಬ್ಬಿಣ, ಗ್ರಾನೈಟ್ ಕೊಯ್ಯುವ ನಾಲ್ಕು ಇಂಚಿನ ಗ್ರೈಂಡರ್‌ಗೆ ಪ್ಯಾಡ್ ಕಟ್ಟಿ ಕಾರು ಉಜ್ಜುವವರನ್ನು ನೋಡಿದ್ದೇನೆ. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 100 ಮಿ.ಮೀ. ಪ್ಯಾಡಿನ ಅಂಚು ಆಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಬಣ್ಣ ಹೋಗುವುದು ಹಾಗಿರಲಿ, ಪ್ಯಾಡ್ ಹರಿದು ಮುಖಕ್ಕೆ ಹಾರಿದರೆ ಕಣ್ಣು ಹೋಗುತ್ತದೆ. ಮನೆಯಲ್ಲಿ ಗ್ರೈಂಡರ್ ಇದೆ, ಪುಕ್ಕಟೆ ಆಯಿತು ಎಂದು ಯಾರೂ ಈ ಕೆಲಸ ಮಾಡಬಾರದು.

ಮೂರನೇ ಹೆಜ್ಜೆ: ಹೆಚ್ಚು ಕೊಟ್ಟ ರೊಕ್ಕ ಎಲ್ಲಿಗೆ ಹೋಗುತ್ತದೆ

ಸದ್ಯ ಮಾರುಕಟ್ಟೆಯಲ್ಲಿ ಸುಮಾರಾಗಿ ಹೀಗಿದೆ: ಅಗ್ಗದ ರೋಟರಿ 2,500ರಿಂದ 4,500 ರೂಪಾಯಿ, ಸಾಧಾರಣ ಡಿಎ 6,000ರಿಂದ 12,000, ಹೆಸರಾಂತ ಯುರೋಪಿನ ಡಿಎಗಳು 30,000 ದಾಟುತ್ತವೆ. ನಡುವೆ ಶೈನ್‌ಮೇಟ್‌ನಂಥ ಚೀನಾ ಬ್ರಾಂಡ್‌ಗಳು, ರೋಟರಿಯಲ್ಲಿ ಮಕಿಟಾ, ಬಾಷ್ ಇವೆ.

ಡಬ್ಬಿಯ ಮೇಲಿನ ವ್ಯಾಟ್ ನೋಡಿ ಮೋಸಹೋಗಬೇಡಿ. ಇಟಲಿಯ ರೂಪೆಸ್ ಕಂಪನಿ 1947ರಿಂದ ಇದೆ. ಡಿಟೇಲಿಂಗ್ (ಕಾರನ್ನು ಕೂಲಂಕಷವಾಗಿ ತೊಳೆದು ಹೊಳಪಿಸುವ ಕೆಲಸ) ಮಾಡುವವರಲ್ಲಿ ಬಹಳ ಜನ ಆಸೆಪಡುವ ಅದರ ಎಲ್‌ಎಚ್‌ಆರ್ 21 ಮಾರ್ಕ್ 3 ಮಷೀನಿನ ಮೋಟಾರ್ 500 ವ್ಯಾಟ್ ಅಷ್ಟೇ. ಅಗ್ಗದ ಡಬ್ಬಿಗಳ ಮೇಲೆ 1,200, 1,400 ಎಂದು ದೊಡ್ಡದಾಗಿ ಬರೆದಿರುತ್ತದೆ. ವ್ಯಾಟ್ ಎಂದರೆ ಮಷೀನ್ ಎಳೆಯುವ ಕರೆಂಟಿನ ಲೆಕ್ಕ. ಅದರಲ್ಲಿ ಎಷ್ಟು ಪ್ಯಾಡಿಗೆ ತಲುಪುತ್ತದೆ, ಎಷ್ಟು ಶಾಖವಾಗಿ, ಸದ್ದಾಗಿ, ನಡುಕವಾಗಿ ಹೋಗುತ್ತದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ.

ದುಬಾರಿ ಮಷೀನಿನಲ್ಲಿ ನಿಜವಾಗಿ ಸಿಗುವುದು ನನ್ನ ಅನುಭವದಲ್ಲಿ ಮೂರು. ಮೊದಲನೆಯದು ತೂಕದ ಸಮತೋಲ. ಡಿಎಯಲ್ಲಿ ಪ್ಯಾಡ್ ನಡುಬಿಂದುವಿನಿಂದ ಹೊರಗೆ ಸುತ್ತುವುದರಿಂದ ಒಳಗೆ ಅದಕ್ಕೆ ಸರಿತೂಗುವ ಲೋಹದ ತುಂಡು ಇರುತ್ತದೆ. ಇದು ಸರಿಯಾಗಿ ಕೂತರೆ ನಡುಕ ಕಡಿಮೆ. ಒಳ್ಳೆಯ ಮಷೀನಿನಲ್ಲಿ ಮೂರು ತಾಸು ದುಡಿದು ಊಟಕ್ಕೆ ಕೂತರೆ ಕೈ ನಡುಗುವುದಿಲ್ಲ. ಅಗ್ಗದ್ದರಲ್ಲಿ ಒಂದು ತಾಸಿಗೇ ಬೆರಳು ಜೋಮು ಹಿಡಿಯುತ್ತವೆ. ವರ್ಷಗಟ್ಟಲೆ ಇಂಥ ನಡುಕ ಹಿಡಿದರೆ ಬೆರಳಿನ ನರ ಮತ್ತು ರಕ್ತನಾಳಕ್ಕೆ ಕಾಯಂ ತೊಂದರೆ ಆಗಬಹುದು. ದಿನಾ ಇದೇ ಕೆಲಸ ಮಾಡುವವರು ಈ ಒಂದು ಕಾರಣಕ್ಕಾದರೂ ಒಳ್ಳೆಯ ಮಷೀನಿನ ಬಗ್ಗೆ ಯೋಚಿಸಬೇಕು. ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡ ಮಾಲೀಕರು ಇನ್ನೂ ಹೆಚ್ಚು ಯೋಚಿಸಬೇಕು, ಏಕೆಂದರೆ ಜೋಮು ಹಿಡಿಯುವುದು ಅವರ ಕೈಗಲ್ಲ.

ಎರಡನೆಯದು, ಭಾರ ಬಿದ್ದಾಗಲೂ ವೇಗ ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಣ. ಅಗ್ಗದ ಮಷೀನಿನಲ್ಲಿ ನೀವು ವೇಗದ ಗುಂಡಿಯನ್ನು 4ನೇ ನಂಬರಿಗಿಟ್ಟು ಮಷೀನನ್ನು ಒತ್ತಿದರೆ ವೇಗ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಬಾನೆಟ್ಟಿನ ಒಂದು ಭಾಗ ಹೆಚ್ಚು ಉಜ್ಜಿ, ಇನ್ನೊಂದು ಕಡಿಮೆ ಉಜ್ಜಿದಂತಾಗುತ್ತದೆ. ಮೂರನೆಯದು ಬಿಡಿಭಾಗ. ಐದು ವರ್ಷದ ನಂತರವೂ ಅದೇ ಬೇರಿಂಗ್, ಅದೇ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ), ಅದೇ ಕಾರ್ಬನ್ ಬ್ರಷ್ (ಮೋಟಾರಿಗೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು) ಸಿಗುತ್ತದೆ.

ದುಬಾರಿ ಮಷೀನಿನಿಂದ ಸಿಗದೇ ಇರುವುದೂ ಒಂದಿದೆ, ಅದು ಫಿನಿಶಿಂಗ್. ಒಳ್ಳೆಯ ಪ್ಯಾಡ್, ಸರಿಯಾದ ಪಾಲಿಶ್, ತಾಳ್ಮೆಯ ಕೈ ಇದ್ದರೆ 8,000 ರೂಪಾಯಿಯ ಡಿಎ ತರುವ ಹೊಳಪಿಗೂ 40,000ದ್ದು ತರುವ ಹೊಳಪಿಗೂ ಗಿರಾಕಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬೇಕಾದ ಸಮಯದಲ್ಲಿ, ಆದ ದಣಿವಿನಲ್ಲಿ ಮಾತ್ರ ವ್ಯತ್ಯಾಸ.

ನಾಲ್ಕನೇ ಹೆಜ್ಜೆ: ನಿಮ್ಮ ಗಂಟೆ ಎಣಿಸಿ

ಒಂದು ಮಧ್ಯಮ ಗಾತ್ರದ ಕಾರಿಗೆ ಒಂದು ಹಂತದ ಪಾಲಿಶ್‌ಗೆ ಡಿಎ ಮೂರರಿಂದ ಐದು ತಾಸು ಓಡುತ್ತದೆ. ಮನೆಯ ಕಾರಿಗೆ ವರ್ಷಕ್ಕೊಮ್ಮೆ ಮಾಡಿದರೂ ಅತಿಯಾಯಿತು. ಅಂದರೆ ಮಷೀನ್ ವರ್ಷಕ್ಕೆ ಐದು ತಾಸು ಓಡಿ ಉಳಿದ ದಿನವೆಲ್ಲ ಕಪಾಟಿನಲ್ಲಿರುತ್ತದೆ. ಇದಕ್ಕೆ 40,000 ಹಾಕುವುದು ಬೇಡ ಎಂದೇ ನನ್ನ ಸಲಹೆ.

ವಾರಕ್ಕೆ ಎರಡು ಕಾರು ಮಾಡುವ ಅಂಗಡಿಯ ಲೆಕ್ಕ ನೋಡೋಣ. ವರ್ಷಕ್ಕೆ 100 ಕಾರು ಎಂದುಕೊಳ್ಳಿ. 40,000ದ ಮಷೀನ್ ನಾಲ್ಕು ವರ್ಷ ಬಂದರೆ 400 ಕಾರು, ಕಾರಿಗೆ 100 ರೂಪಾಯಿ ಬಿತ್ತು. 8,000ದ್ದು ಒಂದೂವರೆ ವರ್ಷ ಬಂದರೆ 150 ಕಾರು, ಕಾರಿಗೆ 53 ರೂಪಾಯಿ. ಬರೀ ಮಷೀನಿನ ಲೆಕ್ಕದಲ್ಲಿ ಅಗ್ಗದ್ದೇ ಗೆಲ್ಲುತ್ತದೆ, ಇದನ್ನು ಮುಚ್ಚಿಡಬಾರದು. ಆದರೆ ಒಳ್ಳೆಯ ಮಷೀನ್ ಕಾರಿಗೆ ಅರ್ಧ ತಾಸು ಉಳಿಸಿದರೆ ವರ್ಷಕ್ಕೆ 50 ತಾಸು ಕೈಗೆ ಬರುತ್ತದೆ. ಆ 50 ತಾಸಿನಲ್ಲಿ ಹತ್ತು ಹನ್ನೆರಡು ಕಾರು ಹೆಚ್ಚಿಗೆ ಮಾಡುವಷ್ಟು ಗಿರಾಕಿ ನಿಮಗಿದ್ದರೆ ದುಬಾರಿ ಮಷೀನ್ ತನ್ನ ರೊಕ್ಕ ತಾನೇ ತೀರಿಸುತ್ತದೆ. ಗಿರಾಕಿ ಇಲ್ಲದೆ ತಾಸು ಉಳಿದರೆ ಆ ಉಳಿತಾಯ ಕಟ್ಟೆಯ ಮೇಲೆ ಕೂರುವುದರಲ್ಲೇ ಹೋಗುತ್ತದೆ. ಸಾಲ ಮಾಡಿ ಮೊದಲ ದಿನವೇ ದೊಡ್ಡ ಮಷೀನ್ ತರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಮೊದಲು ಸಾಧಾರಣ ಡಿಎಯಲ್ಲಿ 50 ಕಾರು ಮಾಡಿ. ಗಿರಾಕಿ ಕಾಯುವಂತಾದಾಗ ಮೇಲಿನದಕ್ಕೆ ಹೋಗಿ. ಹಳೆಯದು ಬಂಪರ್‌ಗೆ, ಬಾಗಿಲಿಗೆ ಎರಡನೇ ಮಷೀನ್ ಆಗಿ ಉಳಿಯುತ್ತದೆ.

ಐದನೇ ಹೆಜ್ಜೆ: ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ

ಸಾಧ್ಯವಿದ್ದರೆ ಮಷೀನ್ ನೋಡದೆ ಕೊಳ್ಳಬೇಡಿ. ಹೋಗುವಾಗ ಒಂದು ಮಾರ್ಕರ್ ಪೆನ್ ಒಯ್ಯಿರಿ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಒಂದು ಗೆರೆ ಎಳೆದು, ಪ್ಯಾಡ್ ಹಾಕಿ, ಹಳೆಯ ತಗಡಿನ ಮೇಲೋ ಕೌಂಟರಿನ ಸನ್‌ಮೈಕಾ ಮೇಲೋ ಮಷೀನಿನ ತೂಕಕ್ಕಿಂತ ತುಸು ಹೆಚ್ಚು ಒತ್ತಿ ಓಡಿಸಿ. ಗೆರೆ ತಿರುಗುವುದು ಕಾಣುತ್ತಿದ್ದರೆ ಒಳ್ಳೆಯದು. ಇಷ್ಟಕ್ಕೇ ನಿಂತುಹೋದರೆ ಕಾರಿನ ಮೇಲೆ ಇನ್ನೂ ಬೇಗ ನಿಲ್ಲುತ್ತದೆ. ಹತ್ತು ನಿಮಿಷ ಓಡಿಸಿ ತಲೆಯ ಭಾಗ ಮುಟ್ಟಿ. ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಸುಡಬಾರದು. ಸುಟ್ಟ ವಾರ್ನಿಶ್ ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಸ್ವಿಚ್ ಒತ್ತಿದ ಕೂಡಲೇ ಜಿಗಿಯುತ್ತದೋ, ನಿಧಾನಕ್ಕೆ ವೇಗ ಹಿಡಿಯುತ್ತದೋ ನೋಡಿ. ಜಿಗಿಯುವ ಮಷೀನ್ ಕಾಂಪೌಂಡನ್ನು ಕನ್ನಡಿ, ಗೋಡೆ, ನಿಮ್ಮ ಅಂಗಿಯ ಮೇಲೆಲ್ಲ ಎರಚುತ್ತದೆ. ವೈರ್ ನಾಲ್ಕು ಮೀಟರ್‌ಗಿಂತ ಗಿಡ್ಡವಿದ್ದರೆ ಎಕ್ಸ್‌ಟೆನ್ಶನ್ ಬೋರ್ಡಿನ ಗಂಟು ಬಾನೆಟ್ ಮೇಲೆ ಎಳೆದಾಡುತ್ತದೆ. ಕಾರ್ಬನ್ ಬ್ರಷ್‌ನ ಮುಚ್ಚಳ ಹೊರಗಡೆಯೇ ಇದೆಯೇ, ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಬಹುದೇ ಕೇಳಿ. ರೋಟರಿಯಾದರೆ ಪ್ಲೇಟ್ ತಿರುಗಿಸಿ ಕೂರಿಸುವ ಮರೆ ಎಂ14 ಅಳತೆಯದ್ದಿರಲಿ, ಪ್ಲೇಟುಗಳು ಎಲ್ಲ ಕಡೆ ಸಿಗುತ್ತವೆ. ಡಿಎಯಾದರೆ ಅದರ ಜೊತೆ ಬಂದ ಪ್ಲೇಟಿನ ಅಳತೆಯನ್ನು ಬದಲಿಸಬೇಡಿ. ಒಳಗಿನ ತೂಕ ಆ ಪ್ಲೇಟಿಗೇ ಹೊಂದಿಸಿರುತ್ತದೆ, ಸಣ್ಣದು ಹಾಕಿದರೆ ನಡುಕ ಏರುತ್ತದೆ.

ಕೊನೆಗೆ ಸರ್ವಿಸ್ ಎಲ್ಲಿ ಎಂದು ಕೇಳಿ. ವಾರಂಟಿ ಕಾರ್ಡಿನಲ್ಲಿ ಒಂದು ವರ್ಷ ಎಂದಿರುತ್ತದೆ. ಮಷೀನನ್ನು ಕೊರಿಯರ್ ಮಾಡಬೇಕೋ, ಹುಬ್ಬಳ್ಳಿಗೋ ಬೆಳಗಾವಿಗೋ ಒಯ್ದರೆ ಸಾಕೋ ಎಂಬುದನ್ನು ಕಾರ್ಡ್ ಹೇಳುವುದಿಲ್ಲ. ದೂರದೂರಿಗೆ ಕಳಿಸಿ ಎರಡು ವಾರ ಕಾಯುವುದಾದರೆ ಆ ಎರಡು ವಾರದ ದುಡಿಮೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕರೆಂಟಿನ ಮಾತು

ನಮ್ಮ ಕಡೆ ಬೇಸಿಗೆ ಸಂಜೆ ವೋಲ್ಟೇಜ್ ಬೀಳುವುದು ಎಲ್ಲರಿಗೂ ಗೊತ್ತಿದೆ. ಫ್ಯಾನ್ ನಿಧಾನವಾಗುವ ಹೊತ್ತಿಗೆ ಪಾಲಿಶ್ ಮಷೀನೂ ಸೊರಗುತ್ತದೆ. ಪ್ಯಾಡ್ ತಿರುಗುತ್ತಿಲ್ಲವೆಂದು ನಾವು ಹೆಚ್ಚು ಒತ್ತುತ್ತೇವೆ, ಸುತ್ತು ಕಡಿಮೆಯಾಗಿ ಒಳಗಿನ ಫ್ಯಾನಿನ ಗಾಳಿಯೂ ಕಡಿಮೆಯಾಗುತ್ತದೆ, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಬಿಸಿಯಾಗಿ ಸುಡುತ್ತದೆ. ಅಗ್ಗದ ಮಷೀನ್‌ಗಳು ಸಾಯುವುದು ಹೆಚ್ಚಾಗಿ ಹೀಗೆ. ದೊಡ್ಡ ಕೆಲಸ ಬೆಳಿಗ್ಗೆ ಮುಗಿಸಿ. ಎಕ್ಸ್‌ಟೆನ್ಶನ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರ್, ಅರ್ಥಿಂಗ್ ಇರುವ ಮೂರು ಪಿನ್ ಬಳಸಿ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಇಲ್ಲವಾದರೆ ಸುರುಳಿಯ ಒಳಗೇ ಬಿಸಿಯಾಗುತ್ತದೆ. ಮನೆಯ ಇನ್ವರ್ಟರ್‌ಗೆ ಈ ಮಷೀನ್ ಹಚ್ಚಬೇಡಿ. ಕಾರು ತೊಳೆದ ನೆಲ ಒದ್ದೆ ಇರುವಾಗ ಬರಿಗಾಲಲ್ಲಿ ಮಷೀನ್ ಹಿಡಿಯಬೇಡಿ.

ಆರನೇ ಹೆಜ್ಜೆ: ಇರುವ ರೊಕ್ಕದಲ್ಲಿ ಅರ್ಧ ಮಾತ್ರ ಮಷೀನಿಗೆ

ಹದಿನಾರು ಸಾವಿರ ಕೈಯಲ್ಲಿದ್ದರೆ ಎಂಟು ಸಾವಿರದ ಮಷೀನ್ ಕೊಳ್ಳಿ, ಹದಿನಾರರದ್ದಲ್ಲ. ಉಳಿದರ್ಧದಲ್ಲಿ ಮೊದಲು ಬಣ್ಣದ ದಪ್ಪ ಅಳೆಯುವ ಗೇಜ್ ತನ್ನಿ. ನನ್ನ ಅಂಗಡಿಯಲ್ಲಿ ಅತ್ಯಂತ ಹೆಚ್ಚು ರೊಕ್ಕ ಉಳಿಸಿದ ಸಾಮಾನು ಇದು. 90, 110, 120 ತೋರಿಸುವ ಕಾರಿನಲ್ಲಿ ಒಂದು ಬಾಗಿಲು ಮಾತ್ರ 280 ತೋರಿಸಿದರೆ ಅದು ಮತ್ತೆ ಪೇಂಟ್ ಆಗಿದೆ. ಸಾವಿರದ ಹತ್ತಿರ ಹೋದರೆ ಒಳಗೆ ಪುಟ್ಟಿ ತುಂಬಿದ್ದಾರೆ. 80ಕ್ಕಿಂತ ಕೆಳಗಿದ್ದರೆ ಕಾಂಪೌಂಡ್ ಮುಟ್ಟಬೇಡಿ, ಹಗುರ ಪಾಲಿಶ್ ಹೊಡೆದು ಬಿಡಿ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ. ಪ್ಲಾಸ್ಟಿಕ್ ಶಾಖವನ್ನು ತಗಡಿನಂತೆ ಹರಡುವುದೂ ಇಲ್ಲ, ಹಾಗಾಗಿ ಅಲ್ಲಿ ಬಣ್ಣ ಬೇಗ ಸುಡುತ್ತದೆ. ಬಂಪರ್‌ಗೆ ವೇಗ ಇಳಿಸಿ, ಬೇಗ ಕೈ ಸರಿಸಿ.

ಆಮೇಲೆ ಪ್ಯಾಡ್. ಒಂದು ಕಾರಿಗೆ ಒಂದೇ ಪ್ಯಾಡ್ ಸಾಲುವುದಿಲ್ಲ. ಗೀರು ತೆಗೆಯುವ ಗಡಸು ಕಟಿಂಗ್ ಪ್ಯಾಡ್ ಎರಡು, ನಡುವಿನ ಪಾಲಿಶಿಂಗ್ ಮೂರು, ಕೊನೆಯ ಹೊಳಪಿಗೆ ಮೆತ್ತನೆಯ ಫಿನಿಶಿಂಗ್ ಒಂದು, ಇಷ್ಟಾದರೂ ಇರಲಿ. ಬಿಸಿಯಾದ, ತುಂಬಿಹೋದ ಪ್ಯಾಡ್ ಗೀರು ತೆಗೆಯುವ ಬದಲು ಹೊಸದನ್ನು ಹಾಕುತ್ತದೆ. ಆಮೇಲೆ ಒಂದು ಒಳ್ಳೆಯ ಎಲ್‌ಇಡಿ ಲೈಟ್. ಕಾಕಾನ ಕಾರಿಗೆ ಟ್ಯೂಬ್‌ಲೈಟ್ ಬದಲು ಅದು ಇದ್ದಿದ್ದರೆ ಹೊಲೋಗ್ರಾಂ ಅವತ್ತು ರಾತ್ರಿಯೇ ಕಾಣುತ್ತಿತ್ತು. ಪಾಲಿಶ್ ಬಾಟಲಿಯಲ್ಲಿ ಮೆಂಜರ್ನಾ, ಮೆಗುಯಾರ್ಸ್, 3ಎಂ ಎಲ್ಲವೂ ಕೆಲಸ ಮಾಡುತ್ತವೆ. ಒಂದನ್ನು ಹಿಡಿದು ಅದರ ಗುಣ ಕಲಿಯಿರಿ, ಐದು ಕೊಂಡು ಗೊಂದಲ ಮಾಡಿಕೊಳ್ಳಬೇಡಿ. ಬರೀ ಎಣ್ಣೆ, ಮೇಣ ತುಂಬಿದ ಅಗ್ಗದ ಕಾಂಪೌಂಡ್ ಗೀರನ್ನು ತೆಗೆಯುವುದಿಲ್ಲ, ತುಂಬುತ್ತದೆ ಅಷ್ಟೇ. ನಾಲ್ಕು ಸಲ ತೊಳೆದರೆ ಮತ್ತೆ ಕಾಣುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಏಳನೇ ಹೆಜ್ಜೆ: ಕಾರಿಗಿಂತ ಮೊದಲು ಗುಜರಿ ಬಾನೆಟ್

ಗುಜರಿಯಿಂದ ಹಳೆಯ ಬಾನೆಟ್ ಒಂದನ್ನು ತಂದು ನಾಲ್ಕು ದಿನ ಅದರ ಮೇಲೆ ಕೈ ಪಳಗಿಸಿ. ಬೇಕೆಂದೇ ಒಂದು ಮೂಲೆಯಲ್ಲಿ ಬಣ್ಣ ಹೋಗುವವರೆಗೆ ಉಜ್ಜಿ ನೋಡಿ. ಎಷ್ಟು ಹೊತ್ತಿಗೆ ಹೋಯಿತು, ಹೋಗುವ ಮೊದಲು ಪ್ಯಾನಲ್ ಎಷ್ಟು ಬಿಸಿಯಾಗಿತ್ತು ಎಂಬುದು ಕೈಗೆ ನೆನಪಿರುತ್ತದೆ.

ನಿಜವಾದ ಕಾರಿಗೆ ಬಂದಾಗ ಸಾಲು ಹೀಗಿರಲಿ. ತೊಳೆದು, ಐರನ್ ರಿಮೂವರ್ ಹೊಡೆದು, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಆಡಿಸಿ, ಒಣಗಿಸಿ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಚೂಪು ಏಣುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬಾನೆಟ್ಟಿನ ಮೂಲೆಯಲ್ಲಿ ಒಂದೂವರೆ ಅಡಿ ಚೌಕ ಆರಿಸಿ, ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್, ಹಗುರ ಪಾಲಿಶ್‌ನಿಂದ ಶುರು ಮಾಡಿ. ಕಡಲೆಕಾಳಿನಷ್ಟು ನಾಲ್ಕು ಹನಿ ಸಾಕು. ಮೊದಲ ನಂಬರಿನಲ್ಲಿ ಹರಡಿ, 4ಕ್ಕೆ ಏರಿಸಿ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನವಾಗಿ ಉದ್ದಕ್ಕೂ ಅಡ್ಡಕ್ಕೂ ನಾಲ್ಕರಿಂದ ಆರು ಸಲ ಹೋಗಿ, ಪ್ರತಿ ಸಾಲೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎಣ್ಣೆ ತೆಗೆದು, ಲೈಟ್ ಹಿಡಿದು ನೋಡಿ. ಗೀರು ಹೋಗಿದ್ದರೆ ಇಡೀ ಕಾರಿಗೆ ಅದೇ ಸಾಕು. ಹೋಗಿಲ್ಲದಿದ್ದರೆ ಮಾತ್ರ ಒಂದು ಮೆಟ್ಟಿಲು ಜೋರಿನದಕ್ಕೆ ಹೋಗಿ. ರವದಿಯ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತಿದ್ದರೆ ಅದು ಪಾಲಿಶ್‌ಗೆ ಹೋಗುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿ.

ಬಿಸಿಲಲ್ಲಿ ಬೇಡ. ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸುತ್ತೇವೆ. ನಮ್ಮ ಒಣಗಾಳಿಯಲ್ಲಿ ಪಾಲಿಶ್ ಬೇಗ ಆರಿ ಪುಡಿಯಾಗುತ್ತದೆ. ಪ್ಯಾಡಿಗೆ ಒಂದೇ ಒಂದು ಸಲ ನೀರಿನ ತುಂತುರು ಹೊಡೆದರೆ ಇನ್ನೊಂದೆರಡು ಸುತ್ತು ಬರುತ್ತದೆ. ಬೆಳಗಾವಿಯಲ್ಲಿ ಮಳೆಗಾಲದಲ್ಲಿ ಇದರ ತದ್ವಿರುದ್ಧ: ಒರೆಸಿದರೂ ಎಣ್ಣೆಯಂಥ ಪದರ ಉಳಿಯುತ್ತದೆ, ಅಲ್ಲಿ ಪಾಲಿಶ್ ಇನ್ನೂ ಕಡಿಮೆ ಹಾಕಬೇಕು.

ಮಷೀನಿನ ಆರೈಕೆ

ಪ್ರತಿ ಕಾರಿನ ನಂತರ ಗಾಳಿ ಹೋಗುವ ಕಿಂಡಿಗಳಿಗೆ ಬ್ಲೋವರ್ ಹೊಡೆಯಿರಿ. ಉಣ್ಣೆ ಪ್ಯಾಡಿನ ಎಳೆ ಮತ್ತು ಪಾಲಿಶ್ ಪುಡಿ ಸೇರಿ ಒಳಗೆ ಹತ್ತಿಯಂತೆ ಕಟ್ಟುತ್ತದೆ. ಕಾರ್ಬನ್ ಬ್ರಷ್ ಐದಾರು ಮಿ.ಮೀ.ಗೆ ಇಳಿದರೆ ಬದಲಿಸಿ, ಎರಡನ್ನೂ ಒಟ್ಟಿಗೇ. ಕಿಂಡಿಯಿಂದ ನೋಡಿದಾಗ ಉಂಗುರದಂತೆ ಕಿಡಿ ಸುತ್ತುತ್ತಿದ್ದರೆ ಕೂಡಲೇ ನಿಲ್ಲಿಸಿ. ಸದ್ದು ಗರಗರ ಎಂದು ಬದಲಾದರೆ ಬೇರಿಂಗ್ ಹೋಗಿದೆ. ಬೇರಿಂಗ್ ಮೇಲೆ ನಂಬರ್ ಇರುತ್ತದೆ, ಅದನ್ನು ತೋರಿಸಿದರೆ ಬೇರಿಂಗ್ ಅಂಗಡಿಯಲ್ಲಿ ಹೆಚ್ಚಾಗಿ ಸಿಕ್ಕೇ ಸಿಗುತ್ತದೆ. ಆರ್ಮೇಚರ್ ಸುಟ್ಟರೆ ಬೋರ್‌ವೆಲ್ ಮೋಟಾರ್ ಸುತ್ತುವವರಲ್ಲಿ ವಿಚಾರಿಸಿ. ಸಣ್ಣ ಆರ್ಮೇಚರ್ ಸುತ್ತುವ ಕೈ ಎಲ್ಲರಿಗೂ ಇರುವುದಿಲ್ಲ, ಇರುವವರ ನಂಬರ್ ಬರೆದಿಟ್ಟುಕೊಳ್ಳಿ. ಅಗ್ಗದ ಮಷೀನಿಗೆ ಸುತ್ತುವ ಕೂಲಿ ಅದರ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. ದುಬಾರಿಯದಕ್ಕೆ ಕಂಪನಿಯ ಭಾಗವನ್ನೇ ತರಿಸಿ.

ಕಾಕಾ ಆ ಕಪ್ಪು ಕಾರನ್ನು ಈಗಲೂ ಇಟ್ಟಿದ್ದಾರೆ. ಆಮೇಲೆ ಅದಕ್ಕೆ ಸಾಧಾರಣ ಬೆಲೆಯ 15 ಮಿ.ಮೀ. ಡಿಎಯಲ್ಲಿ, ಗೇಜ್ ಹಿಡಿದು, ಎರಡು ದಿನ ಕೂತು ಮತ್ತೆ ಪಾಲಿಶ್ ಮಾಡಿಕೊಟ್ಟೆ. ಕಳೆದ ಸಲ ಬಂದಾಗ ಕಾಕಾ ಕಾರನ್ನು ನೆರಳಿಗೆ ನಿಲ್ಲಿಸಲಿಲ್ಲ, ಬಿಸಿಲಿಗೇ ನಿಲ್ಲಿಸಿ ಒಳಗೆ ಬಂದು ಚಹಾ ಕೇಳಿದರು.